ಸೈಟ್ ತಿರುಗಿಸುವ ಮುಂಚೆ: ಹೊಸ ಬಿಲ್ಲಿನ ಗುರಿ ಎಲ್ಲಿ ತಪ್ಪುತ್ತಿದೆ ಎಂದು ಹುಡುಕುವ ಬಗೆ

ಮಾರ್ಚ್ ಕೊನೆಯಲ್ಲಿ ಅಕ್ಕನ ಮಗ ಕಾಸರಗೋಡಿನ ಮುಳ್ಳೇರಿಯದಿಂದ ಫೋನ್ ಮಾಡಿದ. "ಮಾವ, ಸೈಟ್ ಹಾಳಾಗಿದೆ. ಪಿನ್ ಇನ್ನು ಕೆಳಗೆ ಹೋಗುವುದೇ ಇಲ್ಲ" ಎಂದ. ಮೂರು ವಾರ ಮುಂಚೆ ತರಿಸಿಕೊಂಡ, ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲು ಅದು. ಪೆಟ್ಟಿಗೆಯಲ್ಲಿ ಬಿಲ್ಲು, ಐದು ಪಿನ್ನಿನ ಸೈಟ್ (ಗುರಿ ನೋಡುವ ಚೌಕಟ್ಟು; ಅದರೊಳಗೆ ಗುರಿಗೆ ಹಿಡಿಯುವ ಸಣ್ಣ ಕಡ್ಡಿಯೇ ಪಿನ್), ಬಾಣ ಆನಿಸುವ ರೆಸ್ಟ್, ಹೆದೆಯಲ್ಲಿ ಕೂರಿಸಿ ಕಣ್ಣಿಟ್ಟು ನೋಡುವ ಕಿಂಡಿ ಪೀಪ್, ಆರು ಬಾಣ ಎಲ್ಲ ಒಟ್ಟಿಗೆ ಬಂದಿತ್ತು. ಮೊದಲ ಎರಡು ದಿನ 20 ಮೀಟರ್‌ನಿಂದ ಚೀಲದ ನಡುವಿಗೇ ಬೀಳುತ್ತಿದ್ದ ಬಾಣ ದಿನ ಕಳೆದಂತೆ ಕೆಳಗೆ ಕೆಳಗೆ ಹೋಗತೊಡಗಿತು. ಅವನು ದಿನಾ ಪಿನ್ನನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದ. ಕೊನೆಗೆ ಪಿನ್ ತನ್ನ ಸೀಳಿನ ತಳಕ್ಕೆ ಬಂದು ನಿಂತಿತು. ಹೊಸ ಸೈಟ್ ತೆಗೆದುಕೊಳ್ಳಲು ದುಡ್ಡು ಹೊಂದಿಸುತ್ತಿದ್ದ.

ಸೈಟಿನಲ್ಲಿ ಏನೂ ದೋಷ ಇರಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ಹುಡುಕಿದೆವು. ನಿಜವಾದ ಕಾರಣ ಎಲ್ಲಿತ್ತು ಎಂದು ಮುಂದೆ ಹೇಳುತ್ತೇನೆ. ಹೊಸದಾಗಿ ಬಿಲ್ಲು ಹಿಡಿದ ಹೆಚ್ಚಿನವರು ಮಾಡುವ ತಪ್ಪು ಇದೇ: ಬಾಣ ತಪ್ಪಿದರೆ ಕೈ ಮೊದಲು ಹೋಗುವುದು ಸೈಟಿನ ಸ್ಕ್ರೂಗೆ. ಅಲೆನ್ ಕೀ ಕೈಯಲ್ಲಿದೆ, ಸ್ಕ್ರೂ ಕಣ್ಣ ಮುಂದೆಯೇ ಇದೆ, ತಿರುಗಿಸುವುದು ಸುಲಭ. ಆದರೆ ಸೈಟ್ ಬರೀ ತೋರುಬೆರಳು. ಬಿಲ್ಲು, ಹೆದೆ, ಬಾಣ, ನಿಮ್ಮ ಕೈ, ನಿಮ್ಮ ಮುಖ ಎಲ್ಲ ನಿನ್ನೆ ಇದ್ದ ಹಾಗೆಯೇ ಇವತ್ತೂ ಇದ್ದರೆ ಮಾತ್ರ ಆ ಬೆರಳು ಸರಿಯಾದ ಜಾಗ ತೋರಿಸುತ್ತದೆ. ಹಾಗಾಗಿ ಸೈಟಿನ ಮೇಲೆ ಅನುಮಾನ ಕೊನೆಗೆ ಇರಲಿ.

ಬಿಲ್ಲನ್ನು ಮುಟ್ಟುವ ಮೊದಲು

ಪೆಟ್ಟಿಗೆಯ ಮೇಲೆ 'ಹಂಟಿಂಗ್' ಎಂದು ಬರೆದಿರುತ್ತದೆ. ನಮ್ಮ ಕಡೆ ಕಾಡುಹಂದಿ ಬಾಳೆ, ಮರಗೆಣಸು ಎಲ್ಲ ಅಗೆದು ಹಾಕುವಾಗ ಹೊಟ್ಟೆ ಉರಿಯುವುದು ನನಗೂ ಗೊತ್ತು. ಆದರೂ ಸ್ಪಷ್ಟವಾಗಿ ಹೇಳಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಬೇಟೆಗೆ ಯತ್ನಿಸಿದರೂ ಅಪರಾಧ. 2022ರಲ್ಲಿ ಕೇರಳ ಸರ್ಕಾರ ಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರ ಕೈಗೆ ಕೊಟ್ಟಿತು, ನಿಜ. ಅದರ ಅರ್ಥ ಯಾರು ಬೇಕಾದರೂ ರಾತ್ರಿ ಬಿಲ್ಲು ಹಿಡಿದು ತೋಟಕ್ಕೆ ಇಳಿಯಬಹುದು ಎಂದಲ್ಲ. ಬಾಣ ತಾಗಿಯೂ ಸಾಯದೆ ಪೊದೆಯೊಳಗೆ ನರಳುವ ಪ್ರಾಣಿಯನ್ನು ನೆನೆಸಿಕೊಂಡರೆ ನನಗಂತೂ ಸಹಿಸಲು ಆಗುವುದಿಲ್ಲ. ಇಲ್ಲಿ ಹೇಳುವುದೆಲ್ಲ ಚೀಲಕ್ಕೆ, ಕಾಗದದ ಗುರಿಗೆ ಹೊಡೆಯುವ ಆಟದ ಮಾತು. ಅಲಗಿನ ಬಾಣಮೊನೆ ಪೆಟ್ಟಿಗೆಯಲ್ಲಿ ಬಂದಿದ್ದರೆ ಹಾಗೆಯೇ ಕಟ್ಟಿ ಇಡಿ. 100 ಗ್ರೇನ್ ತೂಕದ, ಅಲಗಿಲ್ಲದ ಸಾದಾ ಮೊನೆ (ಫೀಲ್ಡ್ ಪಾಯಿಂಟ್) ಸಾಕು.

ಗುರಿಯ ಹಿಂದೆ ಏನಿದೆ ನೋಡಿ. ಮುರಕಲ್ಲಿನ ಗೋಡೆ ಬೇಡವೇ ಬೇಡ. ಬಾಣ ಪುಟಿದು ವಾಪಸ್ ಬರುತ್ತದೆ, ಕಾರ್ಬನ್ ಬಾಣ ಒಳಗೊಳಗೇ ಸೀಳುತ್ತದೆ. ಎತ್ತರದ ಮಣ್ಣಿನ ಬರೆ (ದಿಬ್ಬದ ಕಡಿದಾದ ಬದಿ) ಒಳ್ಳೆಯದು. ಅದರ ಮುಂದೆ ಹಳೆ ಬಟ್ಟೆ ಒತ್ತಿ ತುಂಬಿಸಿದ ಗೋಣಿಚೀಲ ಇಡಿ. ಕಂಗಿನ (ಅಡಿಕೆಯ) ತೋಟದೊಳಗೆ ಹೊಡೆಯಬೇಡಿ. ಯಾರು ಯಾವಾಗ ಮರಗಳ ನಡುವಿನಿಂದ ನಡೆದು ಬರುತ್ತಾರೆ ಎಂದು ಹೇಳಲಾಗದು.

ಇನ್ನೊಂದು ಮಾತು. ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಲಿಂಬ್‌ಗಳ (ಬಿಲ್ಲಿನ ಬಾಗುವ ತೋಳುಗಳ) ಮೇಲೆ, ಕ್ಯಾಮ್‌ಗಳ (ತುದಿಯ ರಾಟೆಗಳ) ಮೇಲೆ ಬೀಳುತ್ತದೆ. ಒಂದೇ ಸಲಕ್ಕೆ ಲಿಂಬ್ ಸೀಳಬಹುದು, ಹೆದೆ ಹಾರಿ ಬಂದು ಮುಖಕ್ಕೆ ಬಡಿಯಬಹುದು. ನೋಡಲು ಬಂದ ಗೆಳೆಯರು "ಒಮ್ಮೆ ಕೊಡು ಮಾರಾಯ" ಅಂತಾರಲ್ವಾ, ಆಗಲೇ ಇದು ಆಗುವುದು ಜಾಸ್ತಿ.

ಗುಂಪನ್ನು ಓದಿ

ಡಾಕ್ಟರು ನಾಡಿ ಹಿಡಿದು ನೋಡುವ ಹಾಗೆ, ಇಲ್ಲಿ ಮೊದಲು ನೋಡಬೇಕಾದದ್ದು ಬಾಣಗಳ ಗುಂಪು. ಆರು ಬಾಣಗಳಿಗೂ ಮಾರ್ಕರ್‌ನಲ್ಲಿ 1ರಿಂದ 6ರವರೆಗೆ ನಂಬರ್ ಹಾಕಿ. 10 ಮೀಟರ್‌ಗೆ ಬನ್ನಿ. 20 ಬೇಡ, 10. ಚೀಲದ ಮೇಲೆ ದೊಡ್ಡ ಕಾಗದ ಅಂಟಿಸಿ, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಚುಕ್ಕಿ ಹಾಕಿ. ಆರು ಬಾಣ ಬಿಡಿ. ಬಾಣ ಎಲ್ಲಿ ಬಿದ್ದರೂ ಚುಕ್ಕಿಗೇ ಗುರಿಯಿಡಿ, ನಡುವೆ ಸರಿಮಾಡಲು ಹೋಗಬೇಡಿ. ಪ್ರತಿ ತೂತಿನ ಪಕ್ಕ ಬಾಣದ ನಂಬರ್ ಬರೆಯಿರಿ. ಹೀಗೆ ಮೂರು ಸುತ್ತು. ದಣಿದರೆ ನಿಲ್ಲಿಸಿ, ದಣಿದ ಕೈಯ ಬಾಣ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕಾಗದವನ್ನು ಗೋಡೆಗೆ ಆನಿಸಿ ದೂರ ನಿಂತು ನೋಡಿ. ತೂತುಗಳೆಲ್ಲ ಒಂದು ಅಂಗೈಯಗಲದಲ್ಲಿ ಒಟ್ಟಿಗಿದ್ದು, ಗುಂಪು ಮಾತ್ರ ಚುಕ್ಕಿಯಿಂದ ಪಕ್ಕಕ್ಕಿದ್ದರೆ ನಿಮ್ಮ ಕೆಲಸ ಸುಲಭ: ಸೈಟ್ ಹೊಂದಿಸುವುದು ಅಷ್ಟೇ. ತೂತುಗಳು ಅಡ್ಡಕ್ಕೆ ಹರಡಿದ್ದರೆ ಕೈ ಹಿಡಿತ, ಬಿಲ್ಲಿನ ಅಳತೆ, ಮುಖದ ಒತ್ತಡ ನೋಡಬೇಕು. ಉದ್ದಕ್ಕೆ, ಮೇಲೆ ಕೆಳಗೆ ಹರಡಿದ್ದರೆ ಹೆದೆ ಎಳೆದು ನಿಲ್ಲಿಸುವ ಜಾಗ ನೋಡಬೇಕು. ಮೂರು ಸುತ್ತಿನಲ್ಲೂ ನಾಲ್ಕನೇ ನಂಬರಿನ ಬಾಣವೇ ಹೊರಗೆ ಬಿದ್ದಿದ್ದರೆ ತಪ್ಪು ಆ ಬಾಣದ್ದು. ಗುಂಪು ಬಿಗಿಯಾಗಿಯೇ ಇದ್ದು ದಿನದಿಂದ ದಿನಕ್ಕೆ ಜಾಗ ಬದಲಿಸುತ್ತಿದ್ದರೆ, ಬಿಲ್ಲಿನಲ್ಲಿ ಏನೋ ಜಾರುತ್ತಿದೆ.

ಅಕ್ಕನ ಮಗನದು ಈ ಕೊನೆಯ ಜಾತಿ. ಜೊತೆಗೆ ಅಡ್ಡ ಹರಡುವಿಕೆಯೂ ಸ್ವಲ್ಪ ಇತ್ತು. ಒಂದೇ ಬಿಲ್ಲಿನಲ್ಲಿ ಎರಡು ದೋಷ ಸೇರಿಕೊಂಡಾಗಲೇ ಮನುಷ್ಯ ಗಲಿಬಿಲಿ ಆಗುವುದು. ಒಂದನ್ನು ಸರಿ ಮಾಡಿದಾಗ ಇನ್ನೊಂದು ಎದ್ದು ಕಾಣುತ್ತದೆ, ಆಗ ಮೊದಲ ರಿಪೇರಿಯೇ ತಪ್ಪಾಯಿತು ಅನಿಸುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮತ್ತೆ ಆರು ಬಾಣ ಬಿಟ್ಟು, ಆಮೇಲೆ ಮುಂದಿನದು.

ಗುಂಪು ಬಿಗಿ, ಜಾಗ ತಪ್ಪು

ಸೂತ್ರ ಒಂದೇ: ಪಿನ್ ಬಾಣವನ್ನು ಹಿಂಬಾಲಿಸಬೇಕು. ಬಾಣ ಎಡಕ್ಕೆ ಬಿದ್ದರೆ ಪಿನ್ ಎಡಕ್ಕೆ, ಕೆಳಗೆ ಬಿದ್ದರೆ ಪಿನ್ ಕೆಳಗೆ. ಮೊದಲ ಸಲ ಇದು ಉಲ್ಟಾ ಅನಿಸುತ್ತದೆ. ಪಿನ್ ಇಳಿಸಿದರೆ ಅದನ್ನು ಚುಕ್ಕಿಗೆ ತರಲು ಬಿಲ್ಲನ್ನೇ ಸ್ವಲ್ಪ ಎತ್ತಬೇಕಾಗುತ್ತದೆ, ಆಗ ಬಾಣ ಮೇಲೆ ಹೋಗುತ್ತದೆ. ಒಮ್ಮೆ ಕೈಯಲ್ಲಿ ಮಾಡಿ ನೋಡಿದರೆ ತಲೆಗೆ ಹತ್ತುತ್ತದೆ.

ಎಷ್ಟು ಸರಿಸಬೇಕು ಎಂಬುದಕ್ಕೂ ಲೆಕ್ಕ ಇದೆ. ಬಿಲ್ಲು ಎಳೆದಾಗ ಕಣ್ಣಿನ ಹತ್ತಿರದ ಪೀಪ್‌ನಿಂದ ಪಿನ್ನಿಗೆ ಸುಮಾರು 80 ಸೆಂ.ಮೀ. ದೂರ ಇರುತ್ತದೆ. 20 ಮೀಟರ್ ಅದರ 25 ಪಟ್ಟು. ಹಾಗಾಗಿ ಪಿನ್ 1 ಮಿ.ಮೀ. ಸರಿದರೆ ಬಾಣ 2.5 ಸೆಂ.ಮೀ. ಸರಿಯುತ್ತದೆ. 50 ಮೀಟರ್‌ನಲ್ಲಿ ಅದೇ 1 ಮಿ.ಮೀ. ಆರು ಸೆಂ.ಮೀ. ಮೀರುತ್ತದೆ. ಕಾಂಪೌಂಡ್ ಸ್ಪರ್ಧೆ ನಡೆಯುವುದು 50 ಮೀಟರ್‌ನಲ್ಲಿ, ಹತ್ತು ಅಂಕದ ವೃತ್ತದ ಅಗಲ ಬರೀ 8 ಸೆಂ.ಮೀ. 2023ರಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಮಹಾರಾಷ್ಟ್ರದ ಓಜಸ್ ದೇವತಾಳೆ 15 ಬಾಣಗಳನ್ನೂ ಆ ವೃತ್ತಕ್ಕೇ ಹಾಕಿ 150ಕ್ಕೆ 150 ಪಡೆದರು. ಸಾತಾರದ ಅದಿತಿ ಸ್ವಾಮಿ 17ನೇ ವಯಸ್ಸಿನಲ್ಲಿ ಅಲ್ಲೇ ಚಿನ್ನ ಗೆದ್ದರು. ಆ ಮಟ್ಟದಲ್ಲಿ ಅರ್ಧ ಮಿಲಿಮೀಟರ್ ಎಂದರೆ ಏನು ಎಂದು ಯೋಚಿಸಿ. ನಮಗೆ ಬೇಕಾದದ್ದು ಇಷ್ಟೇ: ಸ್ಕ್ರೂವನ್ನು ಅಂದಾಜಿಗೆ ಎರಡು ಸುತ್ತು ತಿರುಗಿಸಬೇಡಿ. ಗುಂಪಿನ ನಡುವಿನಿಂದ ಚುಕ್ಕಿಗೆ ಸ್ಕೇಲ್ ಇಟ್ಟು ಅಳೆಯಿರಿ, ಭಾಗಿಸಿ, ಅಷ್ಟೇ ಸರಿಸಿ.

ಗುಂಪು ದಿನಾ ಜಾರುತ್ತಿದ್ದರೆ

ಇಲ್ಲಿ ಅಕ್ಕನ ಮಗನ ಕಥೆಗೆ ಬರುತ್ತೇನೆ. ಮೊದಲು ಸೈಟಿನ ಬ್ರಾಕೆಟ್ ಹಿಡಿದು ಅಲ್ಲಾಡಿಸಿದೆವು. ಗಟ್ಟಿ. ಪ್ರತಿ ಸ್ಕ್ರೂ ಮೇಲೆ, ಸ್ಕ್ರೂ ಮತ್ತು ಬ್ರಾಕೆಟ್ ಎರಡಕ್ಕೂ ತಾಗುವ ಹಾಗೆ ಅಕ್ಕನ ಉಗುರುಬಣ್ಣದಲ್ಲಿ ಸಣ್ಣ ಗೆರೆ ಎಳೆದೆವು. 20 ಬಾಣ ಬಿಟ್ಟ ಮೇಲೂ ಗೆರೆ ಮುರಿದಿರಲಿಲ್ಲ. ಇದು ಎರಡು ನಿಮಿಷದ ಕೆಲಸ, ಎಲ್ಲರೂ ಮಾಡಿಡಿ. ಪ್ರತಿ ಬಾಣಕ್ಕೂ ಬಿಲ್ಲು ನಡುಗುತ್ತದೆ, ಸ್ಕ್ರೂ ಸಡಿಲಾಗುವುದು ಕಣ್ಣಿಗೆ ಕಾಣದ ಹಾಗೆ. ಗೆರೆ ಎರಡು ತುಂಡಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸ್ಕ್ರೂ ಬಿಚ್ಚಿ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿ ಮಾಡಿ. ಕೆಂಪು ಬೇಡ, ಮತ್ತೆ ಸುಲಭಕ್ಕೆ ಬಿಚ್ಚಲು ಬರುವುದಿಲ್ಲ.

ಆಮೇಲೆ ರೆಸ್ಟ್ ನೋಡಿದೆವು. ಅದೂ ಗಟ್ಟಿ. ಬಾಣ ಸಿಕ್ಕಿಸುವ ಜಾಗದಲ್ಲಿ ಹೆದೆಗೆ ಕಟ್ಟಿದ ಸಣ್ಣ ಕುಣಿಕೆಯ (ಡಿ-ಲೂಪ್) ಗಂಟು ಜಾರಿಲ್ಲ.

ಆಗ ನಾನು ಅವನನ್ನು ಬಿಲ್ಲು ಎಳೆದು ನಿಲ್ಲಲು ಹೇಳಿ ಪಕ್ಕದಿಂದ ನೋಡಿದೆ. ಕತ್ತು ಬಾಗಿತ್ತು. ಗಲ್ಲವನ್ನು ಎದೆಯ ಕಡೆ ಒತ್ತಿಕೊಂಡು, ಕಿಟಕಿಯ ಕೆಳಗಿನ ಸಂದಿಯಿಂದ ಇಣುಕುವವನ ಹಾಗೆ ಪೀಪ್ ಒಳಗೆ ನೋಡುತ್ತಿದ್ದ. "ಕಣ್ಣು ಮುಚ್ಚು, ತಲೆ ನೆಟ್ಟಗೆ ಇಟ್ಟು ಹೆದೆ ಎಳಿ, ಈಗ ಕಣ್ಣು ಬಿಡು" ಎಂದೆ. ಕಣ್ಣು ಬಿಟ್ಟಾಗ ಪೀಪ್ ಕಾಣಲೇ ಇಲ್ಲ. ಅದು ಕಣ್ಣಿಗಿಂತ ಕೆಳಗಿತ್ತು.

ಬಿಲ್ಲನ್ನು ಬೆಳಕಿಗೆ ಹಿಡಿದು ಹೆದೆಯನ್ನು ಹತ್ತಿರದಿಂದ ನೋಡಿದೆವು. ಪೀಪ್ ಎಂದರೆ ಹೆದೆಯ ಎಳೆಗಳನ್ನು ಎರಡು ಪಾಲು ಮಾಡಿ ನಡುವೆ ಕೂರಿಸಿದ ಸಣ್ಣ ಬಳೆ. ಅದರ ಮೇಲೂ ಕೆಳಗೂ ದಾರ ಬಿಗಿದು ಕಟ್ಟಿರಬೇಕು. ಇದರಲ್ಲಿ ಕಟ್ಟೇ ಇರಲಿಲ್ಲ. ಬರೀ ಎಳೆಗಳ ಒತ್ತಡದಲ್ಲಿ ನಿಂತಿತ್ತು. ಪೀಪ್‌ನಿಂದ ಸ್ವಲ್ಪ ಮೇಲೆ ಹೆದೆಯ ಮೇಣ ಅಂಟದ ಒಂದು ಮಸುಕು ಪಟ್ಟಿ ಕಾಣುತ್ತಿತ್ತು. ಪೀಪ್ ಮೊದಲು ಕೂತಿದ್ದ ಜಾಗ ಅದು. ಸ್ಕೇಲ್ ಇಟ್ಟರೆ 8 ಮಿ.ಮೀ. ಅದಕ್ಕೆ 25 ಪಟ್ಟು ಹಾಕಿ: 20 ಮೀಟರ್‌ನಲ್ಲಿ 20 ಸೆಂ.ಮೀ. ಅವನ ಪಿನ್ ಇಳಿದದ್ದೂ ಸುಮಾರು ಆ 8 ಮಿ.ಮೀ.ಯಷ್ಟೇ. ಹಿಂದಿನ ಕಿಂಡಿ ಕೆಳಗೆ ಜಾರಿದರೆ ಬಾಣ ಕೆಳಗೆ ಬೀಳುತ್ತದೆ, ಮೇಲೆ ಜಾರಿದರೆ ಮೇಲೆ. ದಿನಾ ಒಂದು ಕೂದಲೆಳೆಯಷ್ಟು ಜಾರುತ್ತಿದ್ದ ಪೀಪ್‌ನ ಹಿಂದೆ ಅವನು ದಿನಾ ಪಿನ್ನನ್ನು ಓಡಿಸುತ್ತಿದ್ದ.

ಅಷ್ಟು ಬೇಗ ಯಾಕೆ ಜಾರಿತು? ಬಿಲ್ಲು ಎಲ್ಲಿ ಇಡುತ್ತೀ ಎಂದು ಕೇಳಿದೆ. ಕಾರಿನ ಡಿಕ್ಕಿಯಲ್ಲಿ. ಮಾರ್ಚ್ ತಿಂಗಳ ಬಿಸಿಲಿಗೆ, ಪದವಿನ (ಮರವಿಲ್ಲದ ಬಯಲು ಗುಡ್ಡದ) ಮೇಲೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ! ಕಾವಿಗೆ ಮೇಣ ಕರಗಿ ಎಳೆಗಳು ನಯವಾಗುತ್ತವೆ, ಹೊಸ ಹೆದೆ ಎಳೆದುಕೊಳ್ಳುತ್ತದೆ, ಅಂದರೆ ಹಿಗ್ಗುತ್ತದೆ. ಹೆದೆ ಎಳೆದುಕೊಂಡರೆ ಪೀಪ್ ತಿರುಗುತ್ತದೆ ಕೂಡ. ಎಳೆದಾಗ ಗುಂಡಗೆ ಕಾಣಬೇಕಾದ ಕಿಂಡಿ ಮಾವಿನ ಎಲೆಯ ಹಾಗೆ ಓರೆಯಾಗಿ ಕಂಡರೆ ಇದೇ ಕಾರಣ. ಹೊಸ ಹೆದೆ ಮೊದಲ ನೂರು ಇನ್ನೂರು ಬಾಣದ ತನಕ ಸ್ವಲ್ಪ ಎಳೆದುಕೊಳ್ಳುವುದು ಸಹಜ. ಆ ಅವಧಿಯಲ್ಲಿ ಸೈಟ್ ಪಕ್ಕಾ ಮಾಡಲು ಹೊರಡಬೇಡಿ.

ನಾವು ಮಾಡಿದ್ದು ಇಷ್ಟು. ಕಣ್ಣು ಮುಚ್ಚಿ ಎಳೆಯುವುದನ್ನು ಹತ್ತು ಸಲ ಮಾಡಿ, ಪ್ರತಿ ಸಲ ಪೀಪ್ ತಾನಾಗಿ ಕಣ್ಣಿನ ಮುಂದೆ ಬರುವ ತನಕ ಅದನ್ನು ಚೂರು ಚೂರೇ ಮೇಲೆ ಸರಿಸಿದೆವು. ಡಿ-ಲೂಪ್‌ನಿಂದ ಪೀಪ್‌ಗೆ ಎಷ್ಟು ದೂರ ಎಂದು ಅಳೆದು ಬರೆದುಕೊಂಡೆವು. ಆಮೇಲೆ ಪೀಪ್‌ನ ಮೇಲೆ ಒಂದು, ಕೆಳಗೆ ಒಂದು ಕಟ್ಟು ಬಿಗಿದೆವು. ಹೆದೆಗೆ ಸುತ್ತುವ ಸರಿಯಾದ ದಾರ (ಸರ್ವಿಂಗ್) ಇರಲಿಲ್ಲ, ಹಲ್ಲು ಸಂದಿ ತಿಕ್ಕುವ ಫ್ಲಾಸ್ ದಾರದಲ್ಲಿ ಕಟ್ಟಿದೆವು. ತಾತ್ಕಾಲಿಕವಾಗಿ ಅದು ಚೆನ್ನಾಗಿ ಹಿಡಿಯುತ್ತದೆ. ಈ ಕಟ್ಟಿಗೆ ಬೋ ಪ್ರೆಸ್ (ಲಿಂಬ್ ಬಾಗಿಸಿ ಹಿಡಿದು ಹೆದೆ ಸಡಿಲಿಸುವ ಸಾಧನ) ಬೇಕಿಲ್ಲ. ಪೀಪ್ ಹೊರಗೆ ತೆಗೆಯಬೇಕಾದರೆ, ಕೇಬಲ್ ಬದಲಿಸಬೇಕಾದರೆ ಪ್ರೆಸ್ ಬೇಕೇ ಬೇಕು. ಅದನ್ನು ಮನೆಯಲ್ಲಿ ಹಗ್ಗ, ಕಾಲು, ಗೆಳೆಯ ಇಟ್ಟುಕೊಂಡು ಮಾಡಲು ಹೋಗಬೇಡಿ. ತಿಳಿದವರ ಹತ್ತಿರ ಕೊಂಡುಹೋಗಿ.

ಪೀಪ್ ಕಟ್ಟಿದ ಮೇಲೆ ಪಿನ್ ತನ್ನ ಸೀಳಿನ ನಡುವಿಗೆ ವಾಪಸ್ ಬಂತು. ಹೊಸ ಸೈಟಿನ ದುಡ್ಡು ಉಳಿಯಿತು.

ರಬ್ಬರ್ ಕೊಳವೆ ಕಟ್ಟಿದ ಪೀಪ್ ಇದ್ದರೆ ಆ ಕೊಳವೆಯನ್ನು ತಿಂಗಳಿಗೊಮ್ಮೆ ಬೆರಳಲ್ಲಿ ಹಿಸುಕಿ ನೋಡಿ. ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ, ಎಳೆದಾಗ ಕಿತ್ತು ಕಣ್ಣಿಗೆ ಹೊಡೆಯಬಹುದು.

ಅಡ್ಡಕ್ಕೆ ಹರಡುವುದು

ಇದರ ದೊಡ್ಡ ಕಾರಣ ಎಳೆತದ ಉದ್ದ, ಅಂದರೆ ಹೆದೆ ಎಷ್ಟು ದೂರ ಹಿಂದಕ್ಕೆ ಬರುತ್ತದೆ ಎಂಬುದು. ಎರಡೂ ಕೈ ಅಗಲಿಸಿ ಗೋಡೆಗೆ ಒರಗಿ ನಿಂತು, ಒಂದು ನಡುಬೆರಳ ತುದಿಯಿಂದ ಇನ್ನೊಂದು ತುದಿಗೆ ಇಂಚಿನಲ್ಲಿ ಅಳೆಯಿಸಿ. ಅದನ್ನು 2.5ರಿಂದ ಭಾಗಿಸಿ. ಅಕ್ಕನ ಮಗನದು 66 ಇಂಚು ಬಂತು, ಅಂದರೆ ಅವನಿಗೆ ಬೇಕಾದ ಎಳೆತ ಸುಮಾರು 26.5 ಇಂಚು. ಬಿಲ್ಲು ಬಂದದ್ದು 29 ಇಂಚಿಗೆ ಹೊಂದಿಸಿ! ಯಾರೂ ಅವನ ಅಳತೆ ಕೇಳಿರಲೇ ಇಲ್ಲ. ಅಂಗಿ ಹೊಲಿಸುವಾಗ ಅಳತೆ ಕೊಡುತ್ತೇವೆ, ಬಿಲ್ಲಿಗೆ ಬೇಡವೇ?

ಎಳೆತ ಉದ್ದವಾದರೆ ಹೆದೆ ಕಿವಿಯ ಹಿಂದಕ್ಕೆ ಹೋಗುತ್ತದೆ, ಮುಖಕ್ಕೆ ಒತ್ತುತ್ತದೆ, ಬಿಲ್ಲು ಹಿಡಿದ ಮೊಣಕೈ ಬಿಗಿದು ಒಳಗೆ ತಿರುಗುತ್ತದೆ. ಹೆದೆ ಮುಂಗೈಗೆ ಬಡಿದು ನೀಲಿಗಟ್ಟುತ್ತದೆ. ಅವನ ಎಡಗೈಯಲ್ಲಿ ಆ ಕಲೆ ಇತ್ತು, ಉದ್ದ ತೋಳಿನ ಅಂಗಿ ಹಾಕಿ ಮುಚ್ಚಿಕೊಂಡಿದ್ದ. ಕಲೆ ಕಂಡರೆ ನಾಚಿಕೊಳ್ಳಬೇಡಿ, ಅದು ದೋಷ ಹೇಳುವ ಗುರುತು. ಹೊಸಬರಿಗೆ ಮಾರುವ ಹೆಚ್ಚಿನ ಬಿಲ್ಲುಗಳಲ್ಲಿ ಕ್ಯಾಮ್ ಮೇಲಿನ ಮಾಡ್ಯೂಲ್ ತಿರುಗಿಸಿ ಎಳೆತ ಬದಲಿಸಬಹುದು, ಪ್ರೆಸ್ ಬೇಡ. ಎರಡು ಕ್ಯಾಮ್ ಇದ್ದರೆ ಎರಡನ್ನೂ ಒಂದೇ ಗುರುತಿಗೆ ತನ್ನಿ. ಎಳೆತ ಬದಲಿಸಿದ ಮೇಲೆ ಪೀಪ್‌ನ ಜಾಗವೂ ಬದಲಾಗುತ್ತದೆ. ಅದಕ್ಕೇ ಎಳೆತ ಮೊದಲು, ಪೀಪ್ ಆಮೇಲೆ, ಸೈಟ್ ಕೊನೆಗೆ. ಈ ಕ್ರಮ ತಪ್ಪಿಸಿದರೆ ಎರಡೆರಡು ಸಲ ಕೆಲಸ. ನಾವು ಹಾಗೇ ತಪ್ಪಿಸಿದೆವು, ಪೀಪ್ ಎರಡು ಸಲ ಕಟ್ಟಬೇಕಾಯಿತು.

ಎರಡನೆಯದು ಹಿಡಿತ. ಬಿಲ್ಲನ್ನು ಕತ್ತಿಯ ಹಿಡಿಯ ಹಾಗೆ ಮುಷ್ಟಿ ಕಟ್ಟಿ ಹಿಡಿದರೆ ಬಾಣ ಹೊರಡುವ ಗಳಿಗೆಗೆ ಮಣಿಕಟ್ಟು ಅದನ್ನು ತಿರುಚುತ್ತದೆ. ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ ಬಿಲ್ಲು ಆನಿಸಿ, ಬೆರಳು ಸಡಿಲ ಬಿಡಿ. ಬಿಲ್ಲು ಕೈಯಿಂದ ಬೀಳುತ್ತದೆ ಎಂಬ ಹೆದರಿಕೆಗೆ ಮಣಿಕಟ್ಟಿನ ಪಟ್ಟಿ ಕಟ್ಟಿ.

ಮೂರನೆಯದು ಸೈಟ್ ಒಳಗಿನ ನೀರುಗುಳ್ಳೆ, ಬಿಲ್ಲು ವಾಲಿದೆಯೇ ಎಂದು ತೋರಿಸುವ ಮಟ್ಟ. ಅದು ನಡುವೆ ಇರಬೇಕು. ಬಿಲ್ಲಿನ ತಲೆ ಬಲಕ್ಕೆ ವಾಲಿದರೆ ಬಾಣ ಬಲಕ್ಕೆ, ಎಡಕ್ಕೆ ವಾಲಿದರೆ ಎಡಕ್ಕೆ. ನಮ್ಮ ನೆಲ ಎಲ್ಲಿಯೂ ಸಮತಟ್ಟಲ್ಲ. ಇಳಿಜಾರಿನಲ್ಲಿ ಅಡ್ಡ ನಿಂತರೆ ಮೈ ಗೊತ್ತಿಲ್ಲದೆಯೇ ವಾಲುತ್ತದೆ. ಪಿನ್ ನೋಡಿ, ಗುಳ್ಳೆ ನೋಡಿ, ಮತ್ತೆ ಪಿನ್ ನೋಡಿ, ಆಮೇಲೆ ಬಿಡಿ.

ಕುಂಬಳೆ, ಮಂಜೇಶ್ವರದ ಕಡಲ ಬದಿಯವರು ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಸಿಲೇರಿದ ಮೇಲೆ ಪಡುವಣ ಗಾಳಿ ಬೀಸತೊಡಗುತ್ತದೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಒಂದೇ ಕಡೆಗೆ ತಪ್ಪು ಎಂದಾದರೆ ನಿಂತ ದಿಕ್ಕು ಬದಲಿಸಿ ಹೊಡೆದು ನೋಡಿ. ತಪ್ಪಿನ ಕಡೆಯೂ ಬದಲಾದರೆ ಅದು ಗಾಳಿ. ಸ್ಕ್ರೂ ಮುಟ್ಟಬೇಡಿ.

ಮೇಲೆ ಕೆಳಗೆ ಹರಡುವುದು

ಕಾಂಪೌಂಡ್ ಬಿಲ್ಲನ್ನು ಪೂರ್ತಿ ಎಳೆದಾಗ ಗೋಡೆಗೆ ತಾಗಿದ ಹಾಗೆ ಒಂದು ತಡೆ ಸಿಗುತ್ತದೆ. ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಗುರಿ ನೋಡುತ್ತಾ ಕೈ ಮುಂದಕ್ಕೆ ಜಾರಿದರೆ ಬಾಣದ ವೇಗ ಬದಲಾಗುತ್ತದೆ. ಬಿಲ್ಲಿನ ಭಾರ, ಅಂದರೆ ಹೆದೆ ಎಳೆಯಲು ಬೇಕಾದ ಬಲ, ಜಾಸ್ತಿ ಇದ್ದರೆ ಹೀಗೆ ಆಗುತ್ತದೆ. ಕುರ್ಚಿಯಲ್ಲಿ ಕೂತು, ಎರಡೂ ಕಾಲು ನೆಲದಿಂದ ಎತ್ತಿ, ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರ ಮುಂದಕ್ಕೆ ಹಿಡಿದು ಎಳೆಯಲು ಆಗದಿದ್ದರೆ ಆ ಭಾರ ನಿಮಗಲ್ಲ. ಲಿಂಬ್ ಬೋಲ್ಟನ್ನು ಮೇಲೂ ಕೆಳಗೂ ಸಮನಾಗಿ ಸಡಿಲಿಸಿ, ಕೈಪಿಡಿ ಹೇಳಿದ ಮಿತಿಯೊಳಗೆ. ಬಾಣ ಬಿಟ್ಟ ಕೂಡಲೇ ಎಲ್ಲಿ ತಾಗಿತು ಎಂದು ನೋಡಲು ಬಿಲ್ಲು ಇಳಿಸುವುದು ಇನ್ನೊಂದು ಕಾರಣ. ಬಾಣ ಚೀಲಕ್ಕೆ ತಾಗಿದ ಸದ್ದು ಕೇಳುವ ತನಕ ಬಿಲ್ಲು ಅಲ್ಲೇ ಇರಲಿ.

ಪೀಪ್‌ನ ವೃತ್ತದೊಳಗೆ ಸೈಟಿನ ದುಂಡು ಚೌಕಟ್ಟು ಸರಿಯಾಗಿ ಕೂರಬೇಕು, ಸುತ್ತ ಒಂದು ಸಮನಾದ ತೆಳ್ಳನೆ ಬೆಳಕಿನ ಉಂಗುರ ಕಾಣಬೇಕು. ಪಿನ್ನನ್ನು ಮಾತ್ರ ನೋಡಿ ಚೌಕಟ್ಟನ್ನು ಮರೆತರೆ ಪ್ರತಿ ಸಲ ಕಣ್ಣು ಬೇರೆ ಬೇರೆ ಕಡೆಯಿಂದ ನೋಡುತ್ತದೆ.

ಒಂದೇ ಬಾಣ ಹೊರಗೆ ಬಿದ್ದರೆ

ಆ ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ತಿರುಗಿಸಿ, ಮತ್ತೆ ಬಾಗಿಸಿ. ಚಟಪಟ ಸದ್ದು ಬಂದರೆ ಕಾರ್ಬನ್ ಸೀಳಿದೆ. ಅದನ್ನು ಮುರಿದು ಎಸೆಯಿರಿ, ಇನ್ನೊಬ್ಬರು ಎತ್ತಿಕೊಳ್ಳುವ ಹಾಗೆ ಇಡಬೇಡಿ. ಸೀಳಿದ ಬಾಣ ಹೊರಡುವಾಗಲೇ ಒಡೆದು ಚೂರುಗಳು ಕೈಗೆ ಹೊಕ್ಕುತ್ತವೆ. ಪ್ರತಿ ದಿನ ಶುರುಮಾಡುವ ಮುಂಚೆ ಎಲ್ಲ ಬಾಣಗಳಿಗೂ ಈ ಪರೀಕ್ಷೆ ಮಾಡಿ.

ಸೀಳಿಲ್ಲದಿದ್ದರೆ ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ) ನೋಡಿ. ಹೆದೆಗೆ ಸಿಕ್ಕಿಸಿ ಬಾಣವನ್ನು ನೇತಾಡಲು ಬಿಡಿ. ತಾನಾಗಿ ಬೀಳಬಾರದು, ಹೆದೆಗೆ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಬಿಡಬೇಕು. ಆಮೇಲೆ ಗರಿ. ಗರಿ ರೆಸ್ಟಿಗೆ ಉಜ್ಜುತ್ತಿದೆಯೇ ಎಂದು ತಿಳಿಯಲು ರೆಸ್ಟ್ ಮೇಲೆ ಮುಖದ ಪೌಡರ್ ಉದುರಿಸಿ ಒಂದು ಬಾಣ ಬಿಡಿ. ಪೌಡರ್‌ನಲ್ಲಿ ಗೀರು ಕಂಡರೆ ನಾಕ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಮಳೆಗಾಲದಲ್ಲಿ ಪೌಡರ್ ಮುದ್ದೆಯಾಗುತ್ತದೆ, ಆಗ ಗರಿಯ ಅಂಚಿಗೆ ಲಿಪ್‌ಸ್ಟಿಕ್ ಹಚ್ಚಿದರೂ ಆಗುತ್ತದೆ, ಉಜ್ಜಿದಲ್ಲಿ ಬಣ್ಣ ಮೆತ್ತುತ್ತದೆ.

ಎಲ್ಲ ಬಾಣಗಳೂ ಹಾವಿನ ಹಾಗೆ ಬಳುಕುತ್ತಾ ಹೋಗುತ್ತಿದ್ದರೆ ಸ್ಪೈನ್ (ಬಾಣದ ಗಡಸುತನ) ಹೊಂದುತ್ತಿಲ್ಲ ಎಂದು ಅನುಮಾನಿಸಿ. ಬಾಣದ ಮೇಲೆ 500, 400, 340 ಎಂದು ಬರೆದಿರುವುದು ಅದರ ಬಾಗುವಿಕೆ. 28 ಇಂಚಿನ ಅಂತರದಲ್ಲಿ ಎರಡು ಕಡೆ ಆಧಾರ ಕೊಟ್ಟು, ನಡುವೆ 880 ಗ್ರಾಂ ತೂಗುಹಾಕಿದಾಗ ಎಷ್ಟು ಬಾಗುತ್ತದೆ ಎಂಬ ಅಳತೆ. 500 ಎಂದರೆ ಅರ್ಧ ಇಂಚು. ಸಂಖ್ಯೆ ಕಡಿಮೆಯಾದಷ್ಟು ಬಾಣ ಗಡಸು. ಬಿಲ್ಲಿನ ಭಾರ ಇಳಿಸಿದರೆ, ಎಳೆತ ಕಡಿಮೆ ಮಾಡಿದರೆ ಹಳೆಯ ಬಾಣ ನಿಮಗೆ ಜಾಸ್ತಿ ಗಡಸಾಗಬಹುದು. ಬಾಣ ತಯಾರಿಸಿದವರ ಪಟ್ಟಿಯಲ್ಲಿ ನಿಮ್ಮ ಭಾರ, ಬಾಣದ ಉದ್ದ ನೋಡಿ ಆರಿಸಿ. ಬಹಳ ಹಗುರ ಬಾಣ ಬೇಡ, ಎಳೆತದ ಭಾರದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ತೂಕ ಇರಲೇಬೇಕು. ಅದಕ್ಕಿಂತ ಕಡಿಮೆಯಾದರೆ ಬಿಲ್ಲಿಗೆ ಅಪಾಯ.

ಹತ್ತಿರ ಸರಿ, ದೂರ ತಪ್ಪು

20 ಮೀಟರ್‌ನಲ್ಲಿ ನಡುವಿಗೆ ಬಿದ್ದ ಬಾಣ 30ರಲ್ಲಿ ಸ್ವಲ್ಪ ಎಡಕ್ಕೆ, 40ರಲ್ಲಿ ಇನ್ನೂ ಎಡಕ್ಕೆ ಹೋಗುತ್ತದೆ ಎಂದುಕೊಳ್ಳಿ. ಇದನ್ನು ಕಂಡುಹಿಡಿಯಲು ಒಂದು ಹಳೆಯ ಉಪಾಯ. ಚೀಲದ ಮೇಲ್ಭಾಗದಲ್ಲಿ ಚುಕ್ಕಿ, ಅದರಿಂದ ಕೆಳಗೆ ಕಲ್ಲು ಕಟ್ಟಿದ ದಾರ ಇಳಿಬಿಡಿ. 20 ಮೀಟರ್ ಪಿನ್ನಿನಲ್ಲೇ ಚುಕ್ಕಿಗೆ ಗುರಿಯಿಟ್ಟು 20, 25, 30 ಮೀಟರ್‌ನಿಂದ ಬಿಡಿ. ಬಾಣ ಕೆಳಗೆ ಕೆಳಗೆ ಬೀಳುತ್ತದೆ, ಬೀಳಲಿ. ತೂತುಗಳು ದಾರದ ಮೇಲೆಯೇ ಇಳಿದರೆ ಸರಿ. ದಾರದಿಂದ ಎಡಕ್ಕೆ ಓರೆಯಾಗಿ ಇಳಿದರೆ ರೆಸ್ಟ್ ಬಲಕ್ಕೆ ಅರ್ಧ ಮಿ.ಮೀ., ಬಲಕ್ಕೆ ಇಳಿದರೆ ರೆಸ್ಟ್ ಎಡಕ್ಕೆ. ಅರ್ಧ ಮಿಲಿಮೀಟರ್ ಮೀರಬೇಡಿ. ಚೀಲ ದೊಡ್ಡದಿರಲಿ, ಹಿಂದೆ ಬರೆ ಇರಲೇಬೇಕು.

ಗುಡ್ಡೆಯ ಮೇಲಿಂದ ಕೆಳಗೆ ಹೊಡೆದರೆ ಒಂದು ಕಡೆಗೆ, ಕೆಳಗಿಂದ ಮೇಲೆ ಹೊಡೆದರೆ ಇನ್ನೊಂದು ಕಡೆಗೆ ತಪ್ಪುತ್ತಿದ್ದರೆ ಅದು ಸೈಟಿನ ಮೂರನೇ ಅಕ್ಷ. ಇಲ್ಲಿ ಮಾತ್ರ ತಪ್ಪು ನಿಜವಾಗಿ ಸೈಟಿನದೇ. ಸೈಟ್ ತಲೆ ಮುಂದಕ್ಕೋ ಹಿಂದಕ್ಕೋ ತಿರುಗಿ ಕೂತಿದೆ. ಅಗ್ಗದ ಸೈಟ್‌ಗಳಲ್ಲಿ ಇದನ್ನು ಹೊಂದಿಸುವ ಸ್ಕ್ರೂ ಇರುವುದೇ ಇಲ್ಲ. ಎರಡೂ ಸಲ ಬಾಣ ಮೇಲೆ ಬೀಳುತ್ತಿದ್ದರೆ ದೋಷ ಏನಿಲ್ಲ, ದೂರದ ಲೆಕ್ಕ ಅಷ್ಟೇ. 30 ಡಿಗ್ರಿ ಇಳಿಜಾರಿನಲ್ಲಿ 30 ಮೀಟರ್ ದೂರದ ಗುರಿಗೆ 26 ಮೀಟರ್ ಎಂದು ಎಣಿಸಿ ಹೊಡೆಯಬೇಕು.

ಪಿನ್ ಸರಿಯಾಗಿ ಕಾಣದಿದ್ದರೆ

ಪದವಿನ ಬಿಸಿಲಲ್ಲಿ ಫೈಬರ್ ಪಿನ್ ಹೊಳೆದು ಹೂವಿನ ಹಾಗೆ ಅರಳುತ್ತದೆ, ತೋಟದ ಬದಿಯ ನೆರಳಲ್ಲಿ ಅದೇ ಪಿನ್ ಮಂಕಾಗುತ್ತದೆ. ಪಿನ್ನಿನ ದಪ್ಪ 0.010, 0.019, 0.029 ಇಂಚು ಹೀಗೆ ಬರುತ್ತದೆ. ಹೊಸಬರಿಗೆ, ನಮ್ಮ ಬೆಳಕಿಗೆ 0.019 ಒಳ್ಳೆಯ ನಡುವಿನ ದಾರಿ. ಬಿಸಿಲಲ್ಲಿ ಜಾಸ್ತಿ ಹೊಳೆದರೆ ಫೈಬರ್ ಸುರುಳಿಗೆ ಒಂದಷ್ಟು ಕಪ್ಪು ಟೇಪ್ ಸುತ್ತಿ. ಎಲ್ಲ ಬೆಳಕಿನಲ್ಲೂ ಪಿನ್ ಎರಡೆರಡಾಗಿ, ನಕ್ಷತ್ರದ ಹಾಗೆ ಕಂಡರೆ ಕಣ್ಣಿನ ಡಾಕ್ಟರನ್ನು ನೋಡಿ. ಅಸ್ಟಿಗ್ಮ್ಯಾಟಿಸಂ ಇರಬಹುದು.

ಇನ್ನೂ ಕೊಂಡಿಲ್ಲದವರಿಗೆ

ಬಲಗೈಯವರಿಗೆ ಬಲಗೈ ಬಿಲ್ಲು ಎಂದು ಸುಮ್ನೆ ತೀರ್ಮಾನಿಸಬೇಡಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ತೆಂಗಿನ ತಲೆಯನ್ನು ಅದರೊಳಗೆ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಮರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಕೈ ಬಲ, ಕಣ್ಣು ಎಡ ಆದರೆ ಕೊಳ್ಳುವ ಮುಂಚೆ ಎರಡೂ ಬಗೆಯ ಬಿಲ್ಲು ಎಳೆದು ನೋಡಿ.

ಐದು ಪಿನ್ನಿನ ಸೈಟ್ ನೋಡಲು ಭರ್ಜರಿ. ಮನೆಯ ಹತ್ತಿರ 40 ಮೀಟರ್ ಸುರಕ್ಷಿತ ಜಾಗವೇ ಇಲ್ಲದವರಿಗೆ ಕೆಳಗಿನ ಎರಡು ಪಿನ್ ಬರೀ ಅಡ್ಡಿ. ತಪ್ಪಿ ಬೇರೆ ಪಿನ್ನಿನಲ್ಲಿ ಗುರಿಯಿಟ್ಟು ಬಾಣ ಕಳೆದುಕೊಂಡವರು ಎಷ್ಟೋ ಜನ. ಮೂರು ಪಿನ್, ಅಥವಾ ಸರಿಸಬಹುದಾದ ಒಂದೇ ಪಿನ್ ಸಾಕು. ಪಿನ್ ಎಣಿಸುವ ಬದಲು ಬ್ರಾಕೆಟ್ ನೋಡಿ. ಲೋಹದ್ದೇ, ಪ್ಲಾಸ್ಟಿಕ್ಕಿನದೇ? ಎಡ-ಬಲಕ್ಕೆ, ಮೇಲೆ-ಕೆಳಗೆ ಸರಿಸಲು ಬೇರೆ ಬೇರೆ ಸ್ಕ್ರೂ, ಅಳತೆಯ ಗೆರೆ ಇದೆಯೇ? ನೀರುಗುಳ್ಳೆ ಇದೆಯೇ? ಇವಿಷ್ಟು ಇದ್ದರೆ ವರ್ಷಗಟ್ಟಲೆ ಬರುತ್ತದೆ.

ಭಾರದ ವಿಷಯದಲ್ಲಿ ದೊಡ್ಡಸ್ತಿಕೆ ಬೇಡ. 70 ಪೌಂಡಿನ ಬಿಲ್ಲು ಕೊಂಡು ಭುಜ ನೋಯಿಸಿಕೊಳ್ಳುವ ಬದಲು 40ರಿಂದ ಶುರುಮಾಡಿ, ಹೆಂಗಸರು, ಹೈಸ್ಕೂಲ್ ಮಕ್ಕಳು ಇನ್ನೂ ಕಡಿಮೆಯಿಂದ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೇ ಕಾಂಪೌಂಡ್ ಬಿಲ್ಲಿಗೆ 60 ಪೌಂಡ್ ಮಿತಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಬಾಣ, ರಿಲೀಸ್ (ಹೆದೆ ಹಿಡಿದು ಬಿಡುವ ಕೈಸಾಧನ), ಹೆದೆಯ ಮೇಣ, ಒಂದು ಸೆಟ್ ಅಲೆನ್ ಕೀ ತೆಗೆದುಕೊಳ್ಳಿ.

ಮಳೆಗಾಲಕ್ಕೆ

ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಜೂನ್ ಬಂದರೆ ಸ್ಕ್ರೂಗಳಿಗೆಲ್ಲ ತುಕ್ಕು. ಒಣ ಬಟ್ಟೆಯಲ್ಲಿ ಒರೆಸಿ, ಸ್ಕ್ರೂ ತಲೆಗೆ ಒಂದು ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಹಾಕಿ, ಹೆದೆಗೆ ತಾಗದ ಹಾಗೆ. ಹೆದೆಗೆ ಮೇಣ ಮಾತ್ರ. ಬಿಲ್ಲು ಒಣಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುವವರಿದ್ದಾರೆ. ಹೊಗೆಗೆ ಅಡಿಕೆ ಕೆಡುವುದಿಲ್ಲ, ಹೆದೆಯೂ ಲಿಂಬೂ ಕಾವಿಗೆ ಕೆಡುತ್ತವೆ. ಕೋಣೆಯ ಒಳಗಿನ ಗೋಡೆಗೆ, ನೆಲದಿಂದ ಎತ್ತರದಲ್ಲಿ, ಎರಡು ಮರದ ಗೂಟ ಹೊಡೆದು ಅಡ್ಡ ಮಲಗಿಸಿ. ಅಕ್ಕನ ಮಗನ ಬಿಲ್ಲು ಈಗ ಚಾವಡಿಯ ಒಳಗೋಡೆಯಲ್ಲಿದೆ, ಪಕ್ಕದಲ್ಲೇ ಮೊಳೆಗೆ ಸಿಕ್ಕಿಸಿದ ನೋಟ್‌ಬುಕ್. ಮೊದಲ ಪುಟದಲ್ಲಿ ಮೂರು ಅಳತೆ ಬರೆದಿದ್ದಾನೆ: ಎಳೆತ 26.5 ಇಂಚು, ಡಿ-ಲೂಪ್‌ನಿಂದ ಪೀಪ್‌ನ ದೂರ, 20 ಮೀಟರ್ ಪಿನ್ ನಿಂತ ಗೆರೆ. ಮಳೆ ಬಿಟ್ಟ ಮೇಲೆ ಬಿಲ್ಲು ಕೆಳಗಿಳಿಸಿದರೆ ಮೊದಲ ಬಾಣಕ್ಕೆ ಮುಂಚೆ ಆ ಮೂರನ್ನೂ ಮತ್ತೆ ಅಳೆಯಬೇಕು ಎಂದು ಹೇಳಿಟ್ಟಿದ್ದೇನೆ.